ಇಂಟರ್ನ್‌ಶಿಪ್ ಬಂತು, ಗಡಿನಾಡಿನ ಹುಡುಗರು ಎಲ್ಲಿಗೆ ಹೋಗಬೇಕು?

ಡಿಗ್ರಿ ಕಾಲೇಜುಗಳಿಗೆ ರಜೆ ಹತ್ತಿರ ಬಂತೆಂದರೆ ಕಾಸರಗೋಡು, ಕುಂಬಳೆ, ಮಂಜೇಶ್ವರ ಕಡೆಯ ಮನೆಗಳಲ್ಲಿ ಈಗ ಹೊಸದೊಂದು ತಲೆಬಿಸಿ. ಇಂಟರ್ನ್‌ಶಿಪ್ ಎಲ್ಲಿ ಮಾಡುವುದು? ಅಪ್ಪನಿಗೆ ಗುರುತಿನ ವಕೀಲರು ಯಾರಾದರೂ ಇದ್ದಾರಾ, ಮಾವನಿಗೆ ಮಂಗಳೂರಿನಲ್ಲಿ ಆಡಿಟರು ಗೊತ್ತುಂಟಾ, ಸೊಸೈಟಿ ಸೆಕ್ರೆಟರಿ ಒಂದು ಸಹಿ ಹಾಕಿ ಕೊಟ್ಟಾರಾ ಎಂಬ ವಿಚಾರಣೆ ಶುರುವಾಗುತ್ತದೆ. ಮದುವೆಗೆ ಗಂಡು ಹುಡುಕಿದ ಹಾಗೆ ಇಂಟರ್ನ್‌ಶಿಪ್ ಹುಡುಕುವ ಕಾಲ ಬಂದಿದೆ ಮಾರಾಯ್ರೆ.

2024ರ ಜುಲೈ 1ರಂದು ಕೇರಳದ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ ಪದವಿ ವ್ಯವಸ್ಥೆ ಆರಂಭವಾಯಿತು. ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿದ ನಮ್ಮ ಕಡೆಯ ಕಾಲೇಜುಗಳೂ ಅದರೊಳಗೆ ಬಂದವು. ಹಿಂದೆಯೂ ಕೊನೇ ವರ್ಷದಲ್ಲಿ 'ಪ್ರಾಜೆಕ್ಟ್' ಅಂತ ಒಂದು ಇತ್ತು. ಸೀನಿಯರ್ ಬರೆದದ್ದನ್ನು ಜೂನಿಯರ್ ನೋಡಿ ಬರೆದು, ಸ್ಪೈರಲ್ ಬೈಂಡಿಂಗ್ ಮಾಡಿಸಿ ಕೊಟ್ಟರೆ ಮುಗಿಯಿತು. ಈಗ ಹಾಗಲ್ಲ, ಹೊರಗೆ ಕೆಲಸದ ಜಾಗಕ್ಕೆ ಹೋಗಿ ಕಲಿಯಬೇಕು, ಅದಕ್ಕೆ ಕ್ರೆಡಿಟ್ ಉಂಟು. ಯುಜಿಸಿ 2022ರ ಡಿಸೆಂಬರಿನಲ್ಲಿ ಹೊರಡಿಸಿದ ಚೌಕಟ್ಟಿನ ಪ್ರಕಾರ ಇಂಟರ್ನ್‌ಶಿಪ್ಪಿಗೆ 2ರಿಂದ 4 ಕ್ರೆಡಿಟ್. ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಕೆಲಸ. ಲೆಕ್ಕ ಹಾಕಿ, 60ರಿಂದ 120 ಗಂಟೆ ಆಯಿತು.

ಆಂಧ್ರದ ಕಡೆ ಇದು ಇನ್ನೂ ಮೊದಲೇ ಬಂತು, ಇನ್ನೂ ದೊಡ್ಡದಾಗಿ ಬಂತು. 2020-21ರಲ್ಲಿ ಅಲ್ಲಿನ ಸರಕಾರ ಡಿಗ್ರಿ ಕೋರ್ಸುಗಳಿಗೆ ಒಟ್ಟು 10 ತಿಂಗಳ ಇಂಟರ್ನ್‌ಶಿಪ್ ಕಡ್ಡಾಯ ಮಾಡಿತು. ಮೊದಲ ವರ್ಷ ಮುಗಿದ ಮೇಲೆ ಎರಡು ತಿಂಗಳು, ಎರಡನೇ ವರ್ಷ ಮುಗಿದ ಮೇಲೆ ಎರಡು ತಿಂಗಳು, ಆಮೇಲೆ ಪೂರ್ತಿ ಒಂದು ಸೆಮಿಸ್ಟರು, ಅಂದರೆ ಆರು ತಿಂಗಳು. ಆದವಾನಿ, ರಾಯದುರ್ಗ, ಮಡಕಶಿರಾದ ಕನ್ನಡ ಮನೆಯ ಮಕ್ಕಳು ಇದನ್ನು ದಾಟಿ ಬಂದವರೇ. ತಮಿಳುನಾಡಿನಲ್ಲಿ 2022ರ ಮಾರ್ಚ್‌ನಲ್ಲಿ 'ನಾನ್ ಮುದಲ್ವನ್' ಎಂಬ ಯೋಜನೆ ಬಂತು, ಕಾಲೇಜು ಮಕ್ಕಳಿಗೆ ಕೆಲಸದ ಕೌಶಲ ಕೊಡುವುದಕ್ಕೆ. ಮಹಾರಾಷ್ಟ್ರದಲ್ಲಿ 2024ರಲ್ಲಿ ಮುಖ್ಯಮಂತ್ರಿಗಳ ಯುವ ಕಾರ್ಯ ಪ್ರಶಿಕ್ಷಣ ಯೋಜನೆ ಬಂತು. ಹನ್ನೆರಡನೇ ತರಗತಿ ಪಾಸಾದವರಿಗೆ ತಿಂಗಳಿಗೆ 6,000, ಐಟಿಐ ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 10,000 ರೂಪಾಯಿ, ಆರು ತಿಂಗಳ ತರಬೇತಿ ಎಂದು ಅದು ಶುರುವಾದದ್ದು. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ನಮ್ಮ ಹುಡುಗರೂ ಅದಕ್ಕೆ ಅರ್ಹರಾದರು.

ಹೀಗೆ ನಾಲ್ಕೂ ದಿಕ್ಕಿನಲ್ಲಿ 'ಕೆಲಸ ಮಾಡುತ್ತಾ ಕಲಿಯಿರಿ' ಎಂಬ ಮಾತು ಎದ್ದಿದೆ. ಆ ಮಾತು ಎದ್ದದ್ದು ರಾಜಧಾನಿಗಳಲ್ಲಿ. ಅದು ಗಡಿಯ ತಾಲೂಕಿಗೆ ಬಂದು ಇಳಿಯುವಾಗ ಏನಾಗುತ್ತದೆ ಎಂಬುದನ್ನು ಅಲ್ಲಿ ಕೂತವರು ನೋಡಿದ ಹಾಗೆ ಕಾಣುವುದಿಲ್ಲ.

ಮೊದಲಿಗೆ ಒಂದು ಮಾತು ಹೇಳಿಬಿಡುತ್ತೇನೆ. ಈ ಪದ್ಧತಿಯನ್ನು ವಿರೋಧಿಸುವ ಅಧ್ಯಾಪಕ ಮಿತ್ರರ ಸಾಲಿಗೆ ನಾನು ಸೇರಿದವನಲ್ಲ. 'ಕಾಲೇಜು ಏನು ಕೂಲಿಯಾಳುಗಳನ್ನು ತಯಾರು ಮಾಡುವ ಕಾರ್ಖಾನೆಯಾ?' ಅಂತ ಅವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಬಿ.ಕಾಂ. ಮೂರು ವರ್ಷ ಓದಿದ ಹುಡುಗನಿಗೆ ಒಂದು ಅಂಗಡಿಯ ಜಿಎಸ್‌ಟಿ ರಿಟರ್ನ್ ಹೇಗೆ ತುಂಬುತ್ತಾರೆಂದು ಗೊತ್ತಿಲ್ಲ. ಸಹಕಾರಿ ಬ್ಯಾಂಕಿನಲ್ಲಿ ಅಡಿಕೆ ಬೆಳೆಗಾರನೊಬ್ಬ ಸಾಲಕ್ಕೆ ಅರ್ಜಿ ಕೊಟ್ಟರೆ ಆ ಕಾಗದ ಯಾವ ಯಾವ ಮೇಜು ದಾಟಿ ಹೋಗುತ್ತದೆ ಎಂದು ಗೊತ್ತಿಲ್ಲ. ಬ್ಯಾಲೆನ್ಸ್ ಶೀಟಿನ ಲೆಕ್ಕ ಮಾತ್ರ ಪುಸ್ತಕದಲ್ಲಿ ಬಂದ ಹಾಗೆ ಬಾಯಿಪಾಠ. ಎರಡು ತಿಂಗಳು ಒಳ್ಳೆಯ ಆಡಿಟರ ಆಫೀಸಿನಲ್ಲಿ ಕೂತ ಹುಡುಗಿಯೊಬ್ಬಳು ತಿರುಗಿ ಕ್ಲಾಸಿಗೆ ಬಂದಾಗ ಕೇಳುವ ಪ್ರಶ್ನೆಗಳೇ ಬೇರೆಯಾಗಿರುತ್ತವೆ. ಲೆಕ್ಚರರಿಗೆ ಉತ್ತರ ಕೊಡಲು ಕಷ್ಟವಾಗುವಂಥ ಪ್ರಶ್ನೆಗಳು. ಅದಕ್ಕಾಗಿಯೇ ಕೆಲವರಿಗೆ ಇಂಟರ್ನ್‌ಶಿಪ್ ಇಷ್ಟವಿಲ್ಲವೋ ಏನೋ, ಇರಲಿ ಬಿಡಿ.

ಇನ್ನೊಂದು ಲಾಭ ನಮ್ಮ ಮಕ್ಕಳಿಗೇ ವಿಶೇಷ. ಕನ್ನಡ ಮಾಧ್ಯಮದಲ್ಲಿ ಹತ್ತನೆಯವರೆಗೆ ಓದಿ, ಆಮೇಲೆ ಇಂಗ್ಲಿಷಿಗೆ ಬಿದ್ದು, ಸುತ್ತ ಮಲಯಾಳವನ್ನೋ ತಮಿಳನ್ನೋ ಮರಾಠಿಯನ್ನೋ ಅರ್ಧಂಬರ್ಧ ಕಲಿತು ಬಂದ ಮಗುವಿಗೆ ನಾಲ್ಕು ಜನರ ಎದುರು ಬಾಯಿ ಬಿಡುವುದೇ ಕಷ್ಟ. ಇಂಟರ್‌ವ್ಯೂ ರೂಮಿನಲ್ಲಿ ಬೆವರಿ ಬರುವ ಎಷ್ಟೋ ಬುದ್ಧಿವಂತ ಹುಡುಗರನ್ನು ಕಂಡಿದ್ದೇನೆ. ಕೆಲಸದ ಜಾಗ ಈ ಕುಬಿಯನ್ನು ಬಿಡಿಸುತ್ತದೆ. ಕೌಂಟರಿನ ಆಚೆ ನಿಂತ ಗಿರಾಕಿ ನಿಮ್ಮ ವ್ಯಾಕರಣ ಕೇಳುವುದಿಲ್ಲ, ಅವನ ಕೆಲಸ ಆಗಬೇಕು ಅಷ್ಟೇ. ಹತ್ತು ದಿನ ಹಾಗೆ ಮಾತಾಡಿದರೆ ಹನ್ನೊಂದನೇ ದಿನ ಭಾಷೆ ತಾನಾಗಿ ಬರುತ್ತದೆ.

ಹಾಗೆ ನೋಡಿದರೆ ಇದು ಹೊಸತೇನೂ ಅಲ್ಲ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಷ್ನೈಡರ್ ಎಂಬ ಎಂಜಿನಿಯರಿಂಗ್ ಅಧ್ಯಾಪಕ ಸ್ವಲ್ಪ ದಿನ ಕ್ಲಾಸು, ಸ್ವಲ್ಪ ದಿನ ಕಾರ್ಖಾನೆ ಎಂಬ ಪದ್ಧತಿಯನ್ನು ಶುರು ಮಾಡಿದ್ದು 1906ರಲ್ಲಿ. ಅಷ್ಟು ದೂರ ಯಾಕೆ? ನಮ್ಮ ನೆರೆಯ ತಲಶ್ಶೇರಿಯ ನೆಟ್ಟೂರಿನಲ್ಲಿ 1959ರಲ್ಲಿ ಸ್ವಿಸ್ ನೆರವಿನಿಂದ ಒಂದು ತಾಂತ್ರಿಕ ತರಬೇತಿ ಸಂಸ್ಥೆ ಹುಟ್ಟಿತು. ಕೈಗೆ ಎಣ್ಣೆ ಮೆತ್ತಿಕೊಂಡೇ ಕಲಿಯಬೇಕು ಎನ್ನುವ ಸಂಸ್ಥೆ. ಮುಂದೆ ಬೆಂಗಳೂರಿಗೆ ಬಂದು ನೆಲೆಸಿ, ಇವತ್ತು ಎನ್‌ಟಿಟಿಎಫ್ ಎಂದು ದೇಶಕ್ಕೆಲ್ಲ ಗೊತ್ತಿರುವುದು ಅದೇ. ಎನ್‌ಟಿಟಿಎಫ್‌ನ ಮೊದಲ 'ಎನ್' ನೆಟ್ಟೂರು ಎಂಬುದು ಎಷ್ಟು ಜನಕ್ಕೆ ಗೊತ್ತೋ! ಇನ್ನು ಹೊಸೂರು. 1980ರ ದಶಕದಲ್ಲಿ ಅಲ್ಲಿ ಟೈಟನ್ ಗಡಿಯಾರದ ಕಾರ್ಖಾನೆ ಶುರುವಾದಾಗ ಪಳಗಿದ ಕೆಲಸಗಾರರನ್ನು ಹುಡುಕುವ ಬದಲು ತಮಿಳುನಾಡಿನ ಹಳ್ಳಿಗಳ ಎಳೆಯ ಹುಡುಗ ಹುಡುಗಿಯರನ್ನು ಆರಿಸಿ ತಂದು ಕಲಿಸಿದರು. ಬರಿಗಣ್ಣಿಗೆ ಕಾಣದಷ್ಟು ಸಣ್ಣ ತಿರುಪುಗಳನ್ನು ಆ ಹಳ್ಳಿಯ ಕೈಗಳೇ ಕೂರಿಸಿದ್ದು. ಸೊಲ್ಲಾಪುರದಲ್ಲಂತೂ ಕೇಳುವುದೇ ಬೇಡ. ಚಾದರ, ಟವಲು ನೇಯುವ ಮನೆಯಲ್ಲಿ ಹುಟ್ಟಿದ ಮಗು ಶಾಲೆಗೆ ಸೇರುವ ಮೊದಲೇ ನೂಲಿನ ಲೆಕ್ಕ ಕಲಿತಿರುತ್ತಿತ್ತು. ಅಲ್ಲಿ ಕಲಿಕೆ ಇತ್ತು, ಸರ್ಟಿಫಿಕೇಟು ಇರಲಿಲ್ಲ. ಈಗ ಸರ್ಟಿಫಿಕೇಟು ಬಂದಿದೆ, ಕಲಿಕೆ ಎಲ್ಲಿ ಎಂದು ಹುಡುಕಬೇಕಾಗಿದೆ.

ಸಹಿಯ ವ್ಯಾಪಾರ

ರಾಯದುರ್ಗದಂಥ ಊರನ್ನು ತೆಗೆದುಕೊಳ್ಳಿ. ಜೀನ್ಸ್ ಹೊಲಿಯುವ ಸಣ್ಣ ಸಣ್ಣ ಘಟಕಗಳಿವೆ, ಅಂಗಡಿಗಳಿವೆ, ಬ್ಯಾಂಕುಗಳಿವೆ, ಸರಕಾರಿ ಆಫೀಸುಗಳಿವೆ. ಅಷ್ಟು ಬಿಟ್ಟರೆ ಏನಿದೆ? ಅಲ್ಲಿನ ಡಿಗ್ರಿ ಮಕ್ಕಳೆಲ್ಲರಿಗೂ ಒಂದೇ ಸಲಕ್ಕೆ ಆರು ತಿಂಗಳ ಕೆಲಸ ಕಲಿಸಬೇಕೆಂದರೆ ಆ ಊರಿನ ಪ್ರತಿ ಹೊಲಿಗೆ ಯಂತ್ರದ ಹಿಂದೆಯೂ ಒಬ್ಬ ವಿದ್ಯಾರ್ಥಿಯನ್ನು ನಿಲ್ಲಿಸಬೇಕಾದೀತು. ಹೊಲಿಯುವವನಿಗೆ ಪೀಸ್ ಲೆಕ್ಕದ ಕೂಲಿ. ದಿನಕ್ಕೆ ಇಷ್ಟು ಪ್ಯಾಂಟು ಆಗದಿದ್ದರೆ ಅವನ ಮನೆ ನಡೆಯುವುದಿಲ್ಲ. ಅವನು ಕೈ ನಿಲ್ಲಿಸಿ ಬಿ.ಎಸ್ಸಿ. ಹುಡುಗನಿಗೆ ಪಾಠ ಯಾಕೆ ಹೇಳುತ್ತಾನೆ? ಕಲಿಸುವವನ ಹೊತ್ತಿಗೂ ಬೆಲೆ ಇದೆ ಎಂಬುದನ್ನು ಈ ಯೋಜನೆಗಳಲ್ಲಿ ಯಾರೂ ಬರೆದಿಲ್ಲ.

ಆದ್ದರಿಂದ ಆದದ್ದೇನು? ಎಲ್ಲ ಕಡೆ ಆದದ್ದೇ. ಆನ್‌ಲೈನ್ ಇಂಟರ್ನ್‌ಶಿಪ್ ಬಂತು. ಮೊಬೈಲಿನಲ್ಲಿ ವೀಡಿಯೊ ಹಚ್ಚಿಟ್ಟು, ಎಮ್ಮೆ ಕಟ್ಟಿ, ಅನ್ನ ಉಂಡು ಬಂದು ಕೊನೆಯಲ್ಲಿ ನಾಲ್ಕು ಪ್ರಶ್ನೆಗೆ ಗುರುತು ಹಾಕಿದರೆ ಬಣ್ಣದ ಸರ್ಟಿಫಿಕೇಟು. ಆನ್‌ಲೈನಿನಲ್ಲಿ ಒಳ್ಳೆಯದು ಇಲ್ಲವೇ ಇಲ್ಲ ಎಂದು ನಾನು ಹೇಳಲಾರೆ. ಕಂಪ್ಯೂಟರ್ ಕೋಡಿಂಗ್, ಡಿಸೈನ್ ಕಲಿಯುವವನಿಗೆ ಅದರಿಂದ ಪ್ರಯೋಜನ ಇದೆ. ಆದರೆ ಕೆಲಸದ ಜಾಗಕ್ಕೇ ಹೋಗಿ ಕಲಿಯಬೇಕು ಎಂದು ಮಾಡಿದ ಕಾನೂನು ಕೊನೆಗೆ ಮಂಚದ ಮೇಲೆ ಮಲಗಿ ನೋಡುವ ವೀಡಿಯೊಕ್ಕೆ ಬಂದು ನಿಂತರೆ ಆ ಕಾನೂನು ಯಾಕೆ ಬೇಕಿತ್ತು?

ಸಹಿ ಮಾರುವವರೂ ಹುಟ್ಟಿಕೊಂಡಿದ್ದಾರೆ. ಇಷ್ಟು ಸಾವಿರ ಕೊಡಿ, ಎರಡು ತಿಂಗಳ ಅನುಭವದ ಪತ್ರ, ಲೆಟರ್‌ಹೆಡ್ಡಿನ ಮೇಲೆ, ಸೀಲು ಸಮೇತ. ನನಗೆ ಗುರುತಿನ ಮನೆಯೊಂದರ ಹುಡುಗಿಗೆ ಹೀಗೆ ಒಂದು ಕಡೆ ದುಡ್ಡು ಕೊಟ್ಟು ಸೇರಿಸಿದ್ದರು. ಮೊದಲ ದಿನವೇ ಅವರು ಹೇಳಿದರಂತೆ, 'ನೀನು ದಿನಾ ಬರಬೇಕಾಗಿಲ್ಲಮ್ಮ, ಕೊನೇ ದಿನ ಬಾ ಸಾಕು.' ಹುಡುಗಿ ಅತ್ತುಕೊಂಡು ಮನೆಗೆ ಬಂದಳು, ಅವಳಿಗೆ ಕಲಿಯಬೇಕಿತ್ತು. ತಾಯಿ ಬೀಡಿ ಕಟ್ಟಿ ಉಳಿಸಿದ ದುಡ್ಡು ಅದು.

ಅಪ್ರೆಂಟಿಸ್ ಬೇರೆ, ಇಂಟರ್ನ್ ಬೇರೆ

ಇಲ್ಲಿ ಒಂದು ವಿಷಯ ನಮ್ಮ ಮನೆಗಳವರು ಸರಿಯಾಗಿ ತಿಳಿದುಕೊಳ್ಳಬೇಕು. ಹೆಚ್ಚಿನವರಿಗೆ ಇಂಟರ್ನ್ ಅಂದರೂ ಅಪ್ರೆಂಟಿಸ್ ಅಂದರೂ ಒಂದೇ. ಒಂದೇ ಅಲ್ಲ ಸ್ವಾಮಿ. ಅಪ್ರೆಂಟಿಸ್ ಎಂಬವನಿಗೆ ಕಾನೂನಿದೆ. 1961ರ ಅಪ್ರೆಂಟಿಸ್ ಕಾಯ್ದೆ. ಮೊದಲು ಅದು ಐಟಿಐ ಮಾದರಿಯ ಕಸಬುಗಳಿಗೆ ಮಾತ್ರ ಇತ್ತು. 1973ರ ತಿದ್ದುಪಡಿಯಲ್ಲಿ ಎಂಜಿನಿಯರಿಂಗ್ ಪದವೀಧರರು, ಡಿಪ್ಲೊಮಾದವರು ಸೇರಿದರು. 2014ರ ತಿದ್ದುಪಡಿಯಲ್ಲಿ ಬಿ.ಎ., ಬಿ.ಕಾಂ., ಬಿ.ಎಸ್ಸಿ.ಯವರಿಗೂ ಬಾಗಿಲು ತೆರೆಯಿತು. ಮೂವತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ತನ್ನ ಸಿಬ್ಬಂದಿಯ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು ಎಂಬ ನಿಯಮ 2019ರಲ್ಲಿ ಬಂತು. ಆಗಲೇ ಪದವೀಧರ ಅಪ್ರೆಂಟಿಸನಿಗೆ ತಿಂಗಳಿಗೆ ಕನಿಷ್ಠ 9,000, ಡಿಪ್ಲೊಮಾದವನಿಗೆ 8,000 ರೂಪಾಯಿ ಸ್ಟೈಪೆಂಡ್ ಎಂದು ಗೊತ್ತು ಮಾಡಿದರು. ರಾಷ್ಟ್ರೀಯ ಯೋಜನೆಯಲ್ಲಿ ಈ ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರ ಸರಕಾರ ಭರಿಸುತ್ತದೆ. 2025ರ ಮೇ ತಿಂಗಳಲ್ಲಿ ಕೇಂದ್ರದ ಅಪ್ರೆಂಟಿಸ್ ಮಂಡಳಿ ಈ ಸ್ಟೈಪೆಂಡನ್ನು ಶೇಕಡಾ 36ರಷ್ಟು ಹೆಚ್ಚಿಸಲು ಶಿಫಾರಸು ಮಾಡಿತು.

ಕರಾರುಪತ್ರ ಬರೆಯಬೇಕು, ಅದು ನೋಂದಣಿಯಾಗಬೇಕು. ಕೆಲಸದ ವೇಳೆ ಕೈಗೋ ಕಣ್ಣಿಗೋ ಪೆಟ್ಟಾದರೆ ಮಾಲೀಕ ಪರಿಹಾರ ಕೊಡಬೇಕು, ಇದು ಕಾಯ್ದೆಯಲ್ಲೇ ಇದೆ. ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತೂ ಇದೆ, ಅಪ್ರೆಂಟಿಸ್ ಎಂಬವನು ಕಲಿಯುವವನು, ಕೆಲಸಗಾರನಲ್ಲ ಎಂದು. ಆದ್ದರಿಂದ ಕಾರ್ಮಿಕರ ಬೇರೆ ಹಕ್ಕುಗಳು ಅವನಿಗಿಲ್ಲ. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತಲೂ ಇಲ್ಲ. ಈ ಸಂದು ಇರುವುದರಿಂದಲೇ ಕೆಲವು ಕಡೆ ಒಂದು ಬ್ಯಾಚು ಹೋದ ಹಾಗೆ ಇನ್ನೊಂದು ಬ್ಯಾಚು ತಂದು, ಕಾಯಂ ಕೆಲಸಗಾರ ಮಾಡುವ ಕೆಲಸವನ್ನೇ ಅರ್ಧ ದುಡ್ಡಿಗೆ ಮಾಡಿಸುವುದು ನಡೆಯುತ್ತದೆ. ಹೊಸೂರು ಕಡೆಯ ಹುಡುಗರನ್ನು ಕೇಳಿ ನೋಡಿ. ಒಂದು ವರ್ಷ ಒಂದೇ ಮಷಿನಿನಲ್ಲಿ ಒಂದೇ ಬಗೆಯ ತುಂಡು ಇಟ್ಟು ತೆಗೆದು, ಇಟ್ಟು ತೆಗೆದು ಬಂದವರಿದ್ದಾರೆ. ಅದು ಕಲಿಕೆಯೋ ದುಡಿಮೆಯೋ?

ಆದರೂ ಅಪ್ರೆಂಟಿಸನಿಗೆ ಇಷ್ಟಾದರೂ ಆಸರೆ ಉಂಟು. ಕಾಲೇಜಿನಿಂದ 'ಇಂಟರ್ನ್' ಎಂದು ಹೋದವನಿಗೆ ಈ ಕಾಯ್ದೆಯ ನೆರಳು ಇಲ್ಲ. ನೋಂದಾಯಿಸಿದ ಕರಾರಿಲ್ಲ, ಕನಿಷ್ಠ ಸ್ಟೈಪೆಂಡ್ ಇಲ್ಲ. ಪವರ್‌ಲೂಮಿನ ಲಾಳಿ ಹಾರಿ ಬಂದು ಬಡಿದರೆ ಯಾರು ಹೊಣೆ? ಪ್ರಿನ್ಸಿಪಾಲರು ಕಾರ್ಖಾನೆಯತ್ತ ಕೈ ತೋರಿಸುತ್ತಾರೆ, ಕಾರ್ಖಾನೆಯವರು ಪ್ರಿನ್ಸಿಪಾಲರತ್ತ. ಆಸ್ಪತ್ರೆ ಬಿಲ್ಲು ಅಪ್ಪನ ಕೈಯಲ್ಲಿ. ಆದ್ದರಿಂದ ಮಕ್ಕಳನ್ನು ಕಳಿಸುವ ಮೊದಲು ಅಪಘಾತ ವಿಮೆ ಮಾಡಿಸಿದ್ದಾರಾ ಎಂದು ಕಾಲೇಜಿನಲ್ಲಿ ಕೇಳಿ. ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ.

ದುಡ್ಡಿನ ವಿಚಾರವೂ ಸಣ್ಣದಲ್ಲ. ಮಂಜೇಶ್ವರದಿಂದ ಮಂಗಳೂರಿಗೆ ರೈಲಿನ ಪಾಸು ಮಾಡಿಸಿ ದಿನಾ ಹೋಗಿ ಬರಬಹುದು. ಮುಳ್ಳೇರಿಯದಿಂದಲೋ ಪೆರ್ಲದಿಂದಲೋ ಬರುವವನು ಎರಡು ಬಸ್ಸು ಹಿಡಿಯಬೇಕು, ಮಧ್ಯಾಹ್ನದ ಊಟಕ್ಕೆ ಬೇರೆ. ರಜೆಯಲ್ಲಿ ಅಡಿಕೆ ಸುಲಿದೋ ಕೇಟರಿಂಗಿಗೆ ಬಡಿಸಲು ಹೋಗಿಯೋ ಮುಂದಿನ ವರ್ಷದ ಫೀಸು ಹೊಂದಿಸುತ್ತಿದ್ದ ಹುಡುಗ ಈಗ ಆ ಸಂಪಾದನೆ ಬಿಟ್ಟು, ಕೈಯಿಂದ ಖರ್ಚು ಮಾಡಿ, ಬಿಟ್ಟಿ ದುಡಿಯಬೇಕು. ಇದ್ದವರ ಮಕ್ಕಳಿಗೆ ಇಂಟರ್ನ್‌ಶಿಪ್ ಅನುಭವ, ಇಲ್ಲದವರ ಮಕ್ಕಳಿಗೆ ಇನ್ನೊಂದು ಫೀಸು. ತಾಳವಾಡಿಯ ಕಥೆ ಕೇಳಿ. ಆಡಳಿತಕ್ಕೆ ಅದು ಈರೋಡು ಜಿಲ್ಲೆ. ಈರೋಡಿಗೆ ಹೋಗಬೇಕೆಂದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು, ಕಾಡು ಪ್ರಾಣಿಗಳ ರಕ್ಷಣೆಗಾಗಿ ಅಲ್ಲಿ ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಹುಲಿ ಆನೆ ಬದುಕಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಸಂಜೆ ಶಿಫ್ಟ್ ಮುಗಿಸಿ ಮನೆ ಸೇರುವುದು ಹೇಗೆ? ಹತ್ತಿರದ ಚಾಮರಾಜನಗರಕ್ಕೆ ಹೋಗೋಣವೆಂದರೆ ಅದು ಬೇರೆ ರಾಜ್ಯ, ಬೇರೆ ವಿಶ್ವವಿದ್ಯಾಲಯ, 'ನಮ್ಮ ಪಟ್ಟಿಯಲ್ಲಿ ಆ ಸಂಸ್ಥೆ ಇಲ್ಲ' ಎಂಬ ಉತ್ತರ.

ಕನ್ನಡ ಓದಿದವರಿಗೆ ಕೆಲಸ ಎಲ್ಲಿ?

ಬಿ.ಕಾಂ.ನವರಿಗೆ ಆಡಿಟರಾದರೂ ಸಿಕ್ಕಾರು, ಸಸ್ಯಶಾಸ್ತ್ರ ಓದುವವರಿಗೆ ನಮ್ಮ ಕೂಡ್ಲಿನಲ್ಲೇ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಜಾಗ ಅದು. ಕನ್ನಡ ಐಚ್ಛಿಕ ತೆಗೆದುಕೊಂಡವರು ಎಲ್ಲಿಗೆ ಹೋಗಬೇಕು? 'ನಿಮಗೇನಪ್ಪಾ, ಯಾವುದಾದರೂ ಪತ್ರಿಕೆ ಆಫೀಸಿಗೆ ಹೋಗಿ' ಎಂದು ನಗಾಡುವವರಿದ್ದಾರೆ.

ನಾನು ಹೇಳುತ್ತೇನೆ ಕೇಳಿ, ಇಡೀ ಕಾಸರಗೋಡು ಜಿಲ್ಲೆಯಲ್ಲಿ ಯಾರಿಗಾದರೂ ಕಣ್ಣೆದುರು ಕೆಲಸ ರಾಶಿ ಬಿದ್ದಿದ್ದರೆ ಅದು ಕನ್ನಡ ಓದಿದವರಿಗೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಕಾಯ್ದೆ ಹಾಗೆ ಹೇಳುತ್ತದೆ. ವಿಲೇಜ್ ಆಫೀಸಿಗೆ ಹೋದರೆ ಅರ್ಜಿ ಫಾರಂ ಮಲಯಾಳದಲ್ಲಿ, ಪಂಚಾಯತಿನ ನೋಟಿಸು ಮಲಯಾಳದಲ್ಲಿ, ಕೃಷಿ ಭವನದ ಸಬ್ಸಿಡಿ ಸುತ್ತೋಲೆ ಮಲಯಾಳದಲ್ಲಿ. ಕೇಳಿದರೆ ಉತ್ತರ ಒಂದೇ, 'ಭಾಷಾಂತರಕ್ಕೆ ಜನ ಇಲ್ಲ.' ಜನ ಇಲ್ಲವಾ? ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಕನ್ನಡ ಸ್ನಾತಕೋತ್ತರ ವಿಭಾಗವೇ ಇದೆ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಹೆಸರಿನ ಸರಕಾರಿ ಕಾಲೇಜಿದೆ. ಎರಡೂ ಭಾಷೆ ಮಾತಾಡುವ, ಎರಡೂ ಲಿಪಿ ಓದುವ ಮಕ್ಕಳು ಅಲ್ಲಿದ್ದಾರೆ. ಅವರಿಗೆ ಇಂಟರ್ನ್‌ಶಿಪ್ಪಿಗೆ ಜಾಗ ಇಲ್ಲ, ಆಫೀಸಿನಲ್ಲಿ ಭಾಷಾಂತರಕ್ಕೆ ಜನ ಇಲ್ಲ. ಎರಡು ಇಲ್ಲಗಳು ಒಂದೇ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಒಂದನ್ನೊಂದು ನೋಡದೆ ಹೋಗುತ್ತಿವೆ.

ಪ್ರತಿ ಕನ್ನಡ ಪಂಚಾಯತಿಗೆ ಇಬ್ಬರು ವಿದ್ಯಾರ್ಥಿಗಳನ್ನು ಅರವತ್ತು ಗಂಟೆ ಕೂರಿಸಿದರೂ ಸಾಕು. ಹೆಚ್ಚು ಬಳಕೆಯ ಫಾರಂಗಳು, ಜಾತಿ, ವರಮಾನ, ಜಾಗದ ತೆರಿಗೆ, ಪಿಂಚಣಿ ಇವುಗಳ ಕನ್ನಡ ರೂಪ ತಯಾರಾಗುತ್ತದೆ. ಅದನ್ನು ಅಧಿಕಾರಿಯೊಬ್ಬ ನೋಡಿ ಒಪ್ಪಲಿ, ತಪ್ಪಿದ್ದರೆ ತಿದ್ದಲಿ. ಹಾಗೆಂದು ಕಾಯಂ ಭಾಷಾಂತರಕಾರರ ಹುದ್ದೆಗೆ ಬದಲು ಇದು ಎಂದು ಸರಕಾರ ಹೇಳತೊಡಗಿದರೆ ಅದನ್ನು ಒಪ್ಪಬಾರದು. ಹುದ್ದೆ ಬೇಕು, ತುಂಬಬೇಕು. ಆದರೆ ಹುದ್ದೆಗೆ ಅರ್ಜಿ ಹಾಕುವ ಹುಡುಗನಿಗೆ 'ನಾನು ಪಂಚಾಯತಿನಲ್ಲಿ ಈ ಕೆಲಸ ಮಾಡಿದ್ದೇನೆ' ಎಂದು ತೋರಿಸಲು ಒಂದು ಕಡತ ಇರುತ್ತದಲ್ಲ, ಅದು ಮುಖ್ಯ. ತಂದೆ ತಾಯಿಗಳು ಕನ್ನಡ ಐಚ್ಛಿಕ ಬೇಡ ಅನ್ನುವುದು ಕೆಲಸ ಸಿಗುವುದಿಲ್ಲ ಎಂಬ ಹೆದರಿಕೆಗೆ. ಆ ಹೆದರಿಕೆಗೆ ಭಾಷಣದಲ್ಲಿ ಉತ್ತರ ಸಿಗುವುದಿಲ್ಲ.

ಇದೇ ಮಾತು ಬೇರೆ ಗಡಿಗಳಿಗೂ ಬೇರೆ ರೂಪದಲ್ಲಿ ಸಲ್ಲುತ್ತದೆ. ಸೊಲ್ಲಾಪುರದ ಮಗ್ಗದ ಕೋಣೆಯಲ್ಲಿ ತೆಲುಗು, ಮುಂದಿನ ಆಫೀಸಿನಲ್ಲಿ ಮರಾಠಿ, ಮಾಲು ಕೊಳ್ಳಲು ವಿಜಯಪುರ, ಕಲಬುರಗಿಯಿಂದ ಬಂದ ವ್ಯಾಪಾರಿಯ ಬಾಯಲ್ಲಿ ಕನ್ನಡ. ಮೂರೂ ಬಲ್ಲ ಅಕ್ಕಲಕೋಟೆಯ ಹುಡುಗನಿಗಿಂತ ಒಳ್ಳೆಯ ಮಾರಾಟಗಾರ ಆ ಪೇಟೆಗೆ ಎಲ್ಲಿ ಸಿಗುತ್ತಾನೆ? ಆದರೆ ಅವನ ಮಾರ್ಕ್ಸ್ ಕಾರ್ಡಿನಲ್ಲಿ ಈ ಮೂರು ಭಾಷೆಯ ಬಲಕ್ಕೆ ಒಂದು ಅಂಕವೂ ಇಲ್ಲ. ಹೊಸೂರಿನಲ್ಲಿ ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಬೆಳೆದ ಪೀಳಿಗೆಗೆ ತಮಿಳು ಬರೆಯಲು ಬರುತ್ತದೆ, ಮನೆಯಲ್ಲಿ ಕನ್ನಡ, ಬೆಂಗಳೂರಿಗೆ ನಲವತ್ತು ಕಿಲೋಮೀಟರು. ರಾಜ್ಯದ ಭಾಷೆ ಕಲಿಯುವುದಕ್ಕೆ ನಾನು ವಿರೋಧಿ ಅಲ್ಲ. ಕೆಲಸದ ಜಾಗದಲ್ಲಿ ಕಲಿತರೆ ಅದು ಹೊರೆ ಅನ್ನಿಸುವುದೂ ಇಲ್ಲ. ಕೇಳುವುದು ಇಷ್ಟೇ, ಇಂಟರ್ನ್‌ಶಿಪ್ಪಿನ ದಿನಚರಿ, ವರದಿ ಇವನ್ನು ಕನ್ನಡ ಐಚ್ಛಿಕದ ಮಕ್ಕಳು ಕನ್ನಡದಲ್ಲಿ ಬರೆಯಲು ಬಿಡಬೇಕು. ಬರೆಯಲು ಬಾರದ ಇಂಗ್ಲಿಷಿನಲ್ಲಿ ಬರೆಸಿದರೆ ಇಂಟರ್‌ನೆಟ್ಟಿನಿಂದ ಇಳಿಸಿದ್ದೇ ವರದಿ. ಕನ್ನಡದಲ್ಲಿ ಬರೆದರೆ ಅವನು ಕಂಡದ್ದು ಬರೆಯುತ್ತಾನೆ.

ಗಡಿ ದಾಟುವ ಕಾಗದ

ಈಗ ಕರ್ನಾಟಕ ಸರಕಾರದ ಕಡೆ ಬರೋಣ. ಅಲ್ಲಿನ ಸರಕಾರಿ ಪದವಿ ಕಾಲೇಜುಗಳಲ್ಲಿ ಅಪ್ರೆಂಟಿಸ್‌ಶಿಪ್ ಸೇರಿಸಿದ ಪದವಿ ಕೋರ್ಸುಗಳು ಆರಂಭವಾಗಿವೆ. ಯುಜಿಸಿ ಇದಕ್ಕೆ ಮಾರ್ಗಸೂಚಿ ಕೊಟ್ಟದ್ದು 2020ರಲ್ಲಿ. ಇನ್ನು 2023ರ ಯುವನಿಧಿ, ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500. ಇದು ಕರ್ನಾಟಕದ ನಿವಾಸಿಗಳಿಗೆ ಮಾತ್ರ. ಇರಲಿ, ಅವರ ತೆರಿಗೆಯ ದುಡ್ಡು, ಅವರ ಮಕ್ಕಳಿಗೆ. ನಾವು ಭತ್ಯ ಕೇಳುತ್ತಿಲ್ಲ.

ಆದರೆ ಒಂದು ಬಾಗಿಲು ಆ ಸರಕಾರವೇ ತೆರೆದಿಟ್ಟದ್ದು ಇದೆ. ಎಂಜಿನಿಯರಿಂಗ್ ಮುಂತಾದ ಸೀಟುಗಳಿಗೆ ಸಿಇಟಿ ನಡೆಸುವ ಪ್ರಾಧಿಕಾರದ ಅರ್ಹತಾ ನಿಯಮಗಳಲ್ಲಿ ಗಡಿನಾಡ ಕನ್ನಡಿಗರಿಗೆ ಒಂದು ಕಲಮು ಉಂಟು. ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯಾಗಿ, ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ, ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳಲ್ಲಿ ವಾಸವಿದ್ದು ಏಳು ವರ್ಷ ಓದಿದವರು ಕರ್ನಾಟಕದ ಸೀಟಿಗೆ ಅರ್ಹರು. ಈ ಕಲಮಿನಿಂದ ಎಷ್ಟೋ ಮನೆಗಳು ಮೇಲೆ ಬಂದಿವೆ. ಸೀಟಿಗೆ ಇರುವ ಕಲಮು ಕೆಲಸ ಕಲಿಯುವುದಕ್ಕೆ ಯಾಕಿಲ್ಲ? ಕರ್ನಾಟಕದ ಸರಕಾರಿ ಕಂಪನಿಗಳಲ್ಲಿ, ನಿಗಮಗಳಲ್ಲಿ, ವಿದ್ಯುತ್ ಸಂಸ್ಥೆಗಳಲ್ಲಿ ತೆಗೆದುಕೊಳ್ಳುವ ಅಪ್ರೆಂಟಿಸರಲ್ಲಿ ಗಡಿನಾಡಿನವರಿಗೆ ಕೆಲವು ಜಾಗ ಮೀಸಲಿಡಲು ಬೊಕ್ಕಸ ಬರಿದಾಗುವುದಿಲ್ಲ. ಅಂದ ಹಾಗೆ ಮೇಲಿನ ಪಟ್ಟಿಯಲ್ಲಿ ಹೊಸೂರು ಇಲ್ಲ, ತಾಳವಾಡಿ ಇಲ್ಲ, ಆದವಾನಿ ರಾಯದುರ್ಗ ಇಲ್ಲ. ಅಲ್ಲಿಯ ಕನ್ನಡ ಕನ್ನಡವಲ್ಲವೇ ಎಂದು ಅವರು ಕೇಳಿದರೆ ಉತ್ತರ ಕೊಡುವವರು ಯಾರು?

ಕಾನೂನಿನ ತೊಡಕು ಇದೆ ಎಂದು ಅಧಿಕಾರಿಗಳು ಹೇಳಬಹುದು. ನೋಡಿದರೆ ಅಂಥ ತೊಡಕಿಲ್ಲ. ಪದವೀಧರರ ಅಪ್ರೆಂಟಿಸ್ ವ್ಯವಹಾರ ನೋಡುವ ಪ್ರಾದೇಶಿಕ ಮಂಡಳಿ ಕರ್ನಾಟಕ, ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣ ಇಷ್ಟಕ್ಕೂ ಒಂದೇ, ಅದು ಚೆನ್ನೈಯಲ್ಲಿದೆ. ಕಾಸರಗೋಡಿನ ಹುಡುಗಿ ಮಂಗಳೂರಿನಲ್ಲಿ ಅಪ್ರೆಂಟಿಸ್ ಆದರೂ, ತಾಳವಾಡಿಯ ಹುಡುಗ ಮೈಸೂರಿನಲ್ಲಿ ಆದರೂ ಕಾಗದ ಹೋಗುವುದು ಅದೇ ಮಂಡಳಿಗೆ. ಜತ್ತದವರಿಗೆ, ಗೋವೆಯವರಿಗೆ ಮಾತ್ರ ಮುಂಬಯಿಯ ಮಂಡಳಿ, ವಿಜಯಪುರಕ್ಕೆ ಬಂದರೆ ಮಂಡಳಿ ಬದಲಾಗುತ್ತದೆ. ರಾಷ್ಟ್ರೀಯ ಪೋರ್ಟಲ್ ಒಂದೇ ಆದ್ದರಿಂದ ಅದೂ ದೊಡ್ಡ ವಿಷಯವಲ್ಲ.

ಎರಡು ರಾಜ್ಯ ಕೂಡಿ ಕೆಲಸ ಮಾಡಿದ ಉದಾಹರಣೆ ಬೇಕಾ? ಅಡಿಕೆ ಬೆಳೆಗಾರರು ಬೆಲೆ ಕುಸಿದು ಕಂಗಾಲಾಗಿದ್ದಾಗ 1973ರಲ್ಲಿ ಕರ್ನಾಟಕ, ಕೇರಳ ಎರಡಕ್ಕೂ ಸೇರಿದ ಸಹಕಾರಿಯಾಗಿ ಕ್ಯಾಂಪ್ಕೊ ಹುಟ್ಟಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆ ಕಟ್ಟಿತು. ಬದಿಯಡ್ಕದ ಅಡಿಕೆಗೂ ಸುಳ್ಯದ ಅಡಿಕೆಗೂ ಅಲ್ಲಿ ಬೇಧವಿಲ್ಲ. ಅಡಿಕೆ ಗಡಿ ದಾಟಬಹುದಾದರೆ ಅಡಿಕೆ ಬೆಳೆಯುವವನ ಮಗ ಕಲಿಯಲು ದಾಟಬಾರದೇ? ಇದರ ಇನ್ನೊಂದು ಮುಖವೂ ನೆನಪಿದೆ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ತಲಪಾಡಿಯಲ್ಲಿ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ ಜನ ಎಷ್ಟು ಕಷ್ಟಪಟ್ಟರು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮಂಗಳೂರನ್ನೇ ನಂಬಿ ಕಲಿಕೆ ಕಟ್ಟಿಕೊಂಡರೆ 'ಗಡಿ ಮುಚ್ಚಿದರೆ ಏನು?' ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಅದಕ್ಕೇ ಎರಡು ಕಡೆಯ ವಿಶ್ವವಿದ್ಯಾಲಯಗಳ ನಡುವೆ ಬರಹದಲ್ಲಿ ಒಪ್ಪಂದ ಬೇಕು ಅನ್ನುವುದು. ಕಣ್ಣೂರು ಮತ್ತು ಮಂಗಳೂರು, ಸೊಲ್ಲಾಪುರ ಮತ್ತು ಕಲಬುರಗಿ, ಅನಂತಪುರ ಮತ್ತು ಬಳ್ಳಾರಿ. ಈ ಕಡೆಯ ವಿದ್ಯಾರ್ಥಿ ಆ ಕಡೆ ಮಾಡಿದ ಗಂಟೆಗಳನ್ನು ತಕರಾರಿಲ್ಲದೆ ಕ್ರೆಡಿಟ್‌ಗೆ ಸೇರಿಸುತ್ತೇವೆ ಎಂಬ ಎರಡು ಪುಟದ ಒಪ್ಪಂದ.

ದುಡ್ಡಿಗೆ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಇದೆ. 2010ರಲ್ಲಿ ಸ್ಥಾಪನೆಯಾದದ್ದು. ಗಡಿಯಾಚೆಯ ಕನ್ನಡ ಸಂಸ್ಥೆಗಳಿಗೆ ಭವನ ಕಟ್ಟಲು, ಕಾರ್ಯಕ್ರಮ ಮಾಡಲು ನೆರವು ಕೊಡುತ್ತಾ ಬಂದಿದೆ. ಭವನಗಳು ಬೇಕು, ಉತ್ಸವಗಳೂ ಬೇಕು, ಯಕ್ಷಗಾನ ಕಲಿಸುವುದೂ ಬೇಕು. ಆದರೆ ಒಂದು ಉತ್ಸವದ ಪೆಂಡಾಲು, ಮೈಕು, ಶಾಲು, ಹಾರದ ಖರ್ಚಿನಲ್ಲಿ ಎಷ್ಟು ಮಕ್ಕಳ ಎರಡು ತಿಂಗಳ ಬಸ್ಸು ಮತ್ತು ಊಟ ಹೊರಟೀತು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ನಮ್ಮ ಕನ್ನಡ ಸಂಘಗಳವರಿಗೂ ಇದೇ ಮಾತು. ನಿಮ್ಮಲ್ಲಿ ಅಂಗಡಿ ಇಟ್ಟವರಿದ್ದಾರೆ, ವಕೀಲರಿದ್ದಾರೆ, ಡಾಕ್ಟರಿದ್ದಾರೆ, ಪ್ರಿಂಟಿಂಗ್ ಪ್ರೆಸ್ ಇಟ್ಟವರಿದ್ದಾರೆ. ವರ್ಷಕ್ಕೆ ಒಬ್ಬೊಬ್ಬ ವಿದ್ಯಾರ್ಥಿಗೆ ನಿಮ್ಮ ಮೇಜಿನ ಪಕ್ಕ ಒಂದು ಕುರ್ಚಿ ಹಾಕಿ. ನಿಜವಾಗಿ ಕೆಲಸ ಕೊಡಿ, ತಪ್ಪು ಮಾಡಿದರೆ ಬೈಯಿರಿ. ಬರದೇ ಇದ್ದವರಿಗೆ ಮಾತ್ರ ಸಹಿ ಹಾಕಬೇಡಿ, ಅವರ ಅಪ್ಪ ಎಷ್ಟೇ ಗುರುತಿನವರಾಗಿರಲಿ.

ಕಾಲೇಜುಗಳು ಮಾಡಬೇಕಾದ್ದು ಒಂದಿದೆ. ಯಾವ ಯಾವ ಕಚೇರಿ, ಯಾವ ಯಾವ ಕಾರ್ಖಾನೆ ಮಕ್ಕಳನ್ನು ತೆಗೆದುಕೊಳ್ಳುತ್ತದೆ, ಹೋದ ವರ್ಷ ಹೋದವರು ಅಲ್ಲಿ ಏನು ಕಲಿತರು, ಹುಡುಗಿಯರಿಗೆ ಆ ಜಾಗ ಸರಿಯಾ, ದುಡ್ಡು ಕೇಳುತ್ತಾರಾ, ಈ ಪಟ್ಟಿಯನ್ನು ನೋಟಿಸ್ ಬೋರ್ಡಿನಲ್ಲಿ ಹಚ್ಚಬೇಕು. ರಜೆ ಶುರುವಾಗುವ ಹಿಂದಿನ ವಾರ ಅಲ್ಲ, ಸೆಮಿಸ್ಟರಿನ ಮೊದಲ ತಿಂಗಳಲ್ಲೇ. ಆ ಪಟ್ಟಿ ತಯಾರಿಸಿ ಪ್ರತಿ ಜಾಗಕ್ಕೆ ಒಮ್ಮೆ ಹೋಗಿ ನೋಡಿ ಬರಲು ಒಬ್ಬ ಅಧ್ಯಾಪಕರಿಗೆ ವಾರಕ್ಕೆ ನಾಲ್ಕು ಪೀರಿಯಡ್ ಬಿಡುವು ಕೊಡಬೇಕು, ಬಸ್ ಚಾರ್ಜು ಕೊಡಬೇಕು. ಈಗ ಆ ಹೊಣೆಯನ್ನು ಗೆಸ್ಟ್ ಲೆಕ್ಚರರ ತಲೆಗೆ ಕಟ್ಟಿ ಕೈ ತೊಳೆದುಕೊಂಡ ಕಾಲೇಜುಗಳೇ ಹೆಚ್ಚು. ಮುಂದಿನ ಜೂನಿಗೆ ಕಾಲೇಜು ತೆರೆಯುವಾಗ ನಿಮ್ಮ ಮಗಳೋ ಮಗನೋ ಅಲ್ಲಿ ಓದುತ್ತಿದ್ದರೆ ಪೇರೆಂಟ್ಸ್ ಮೀಟಿಂಗಿನಲ್ಲಿ ಹಾಜರಿ, ಮಾರ್ಕು ಕೇಳಿದ ಮೇಲೆ ಈ ಪಟ್ಟಿಯನ್ನೂ ಕೇಳಿ.